ನಿದ್ದೆ ಮರಳಿ ಕೊಟ್ಟವರಿಗೆ

ನಾಲ್ಕು ವರ್ಷ ರಾತ್ರಿ ಎರಡೆರಡು ಗಂಟೆಗೊಮ್ಮೆ ಏಳುತ್ತಿದ್ದೆ. ಪಾರ್ಶ್ವವಾಯುವಿನಿಂದ ಮಲಗಿದ್ದ ನನ್ನವರ ಮಗ್ಗುಲು ಬದಲಿಸಬೇಕಿತ್ತು. ತಪ್ಪಿದರೆ ಬೆನ್ನಿನಲ್ಲಿ ಹುಣ್ಣಾಗುತ್ತಿತ್ತು. ಕಳೆದ ವರ್ಷ ಶ್ರಾವಣದಲ್ಲಿ ಅವರು ಹೋದರು. ಏಳುವ ಅಭ್ಯಾಸ ಮಾತ್ರ ಹೋಗಲಿಲ್ಲ. ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ ತಾನಾಗಿ ಎಚ್ಚರವಾಗುತ್ತಿತ್ತು, ಕೈ ಪಕ್ಕದ ಮಂಚವನ್ನು ತಡಕುತ್ತಿತ್ತು. ಮಾತ್ರೆ ನುಂಗಿದರೂ ಅಷ್ಟೇ. ಈಗ ಮೂರು ತಿಂಗಳಿನಿಂದ ಬೆಳಗಿನವರೆಗೆ ನಿದ್ದೆ ಮಾಡುತ್ತಿದ್ದೇನೆ. ಅದಕ್ಕೆ ಕಾರಣರಾದವರನ್ನು ನಾಲ್ಕು ಜನರೆದುರು ನೆನೆಯದಿದ್ದರೆ ನನಗೆ ಸಮಾಧಾನವಿಲ್ಲ.

ವರ್ಷಾಂತಿಕ ಮುಗಿದ ವಾರದಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿರುವ ಮಗಳು ಮತ್ತು ಅಳಿಯ ಟಿಕೆಟ್ ಕಳುಹಿಸಿದರು. ರೈನ್ ನದಿಯಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಆಮ್‌ಸ್ಟರ್‌ಡಾಮ್‌ವರೆಗೆ ಏಳು ರಾತ್ರಿಯ ಹಡಗು ಪ್ರಯಾಣ. ನಾನು ಒಪ್ಪಲಿಲ್ಲ. ಊರಿನವರು ಏನೆನ್ನುತ್ತಾರೋ ಎಂಬ ಅಳುಕಿತ್ತು. ಎಂಬತ್ತನಾಲ್ಕು ವರ್ಷದ ನನ್ನ ಅತ್ತೆ ಕರೆದು ಹೇಳಿದರು: "ನನ್ನ ಮಗನನ್ನು ಎತ್ತಿ ಇಳಿಸಿ ನಿನ್ನ ಸೊಂಟ ಹೋಯಿತು. ಎಂಟು ದಿನ ನಿನ್ನನ್ನು ಯಾರಾದರೂ ಹೊತ್ತುಕೊಂಡು ಹೋಗಲಿ." ಮಗನನ್ನು ಕಳೆದುಕೊಂಡ ತಾಯಿಯ ಬಾಯಿಂದ ಬಂದ ಮಾತು ಅದು. ನಾದಿನಿ ಜೊತೆಗೆ ಬರಲು ಒಪ್ಪಿದಳು. ಅತ್ತೆಯ ಹೊಣೆಯನ್ನು ಮೈದುನ ಮತ್ತು ಓರಗಿತ್ತಿ ವಹಿಸಿಕೊಂಡರು.

ಬಾಸೆಲ್ ಎಂಬ ಹೆಸರು ನನಗೆ ಹೊಸದಲ್ಲ. ಮಂಗಳೂರಿನ ನಮ್ಮ ಮನೆಯ ಮಾಡಿಗೆ ಹಳೆಯ ಹಂಚು. ಒಳಗಿನಿಂದ ತಲೆಯೆತ್ತಿದರೆ ಹಂಚಿನ ಮೈಮೇಲೆ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಮುದ್ರೆ, 1865 ಎಂಬ ಇಸವಿ. ನಮ್ಮ ನದಿಗಳ ಜೇಡಿಮಣ್ಣಿನಿಂದ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ವರ್ಷ. ಮಾತು ನಿಂತ ಮೇಲೆ ನನ್ನವರ ಕಣ್ಣು ದಿನವಿಡೀ ನೆಟ್ಟಿರುತ್ತಿದ್ದದ್ದು ಆ ಅಕ್ಷರಗಳ ಮೇಲೆ. ಹಾಗಾಗಿ ಬಾಸೆಲ್‌ನ ದಡದಲ್ಲಿ ನಿಂತಾಗ ಗಂಟಲು ಕಟ್ಟಿತು. ಅಲ್ಲಿ ನದಿ ದಾಟಿಸುವ ಪುಟ್ಟ ದೋಣಿಗಳಿಗೆ ಎಂಜಿನ್ ಇಲ್ಲ. ಮೇಲೆ ಕಟ್ಟಿದ ಉಕ್ಕಿನ ಹಗ್ಗಕ್ಕೆ ತೂಗಿಕೊಂಡು, ಹರಿವಿನ ಬಲದಿಂದಲೇ ಆಚೆ ದಡ ಸೇರುತ್ತವೆ. ನಾದಿನಿಯೂ ನಾನೂ ಎರಡು ಬಾರಿ ಹೋಗಿ ಬಂದೆವು.

ಹಡಗಿನಲ್ಲಿ ಮಾಡಲು ಏನೂ ಇರಲಿಲ್ಲ. ಮೊದಲ ದಿನ ಅದೇ ಕಷ್ಟವಾಯಿತು. ಪೆಟ್ಟಿಗೆಯನ್ನು ಒಮ್ಮೆ ಬಿಚ್ಚಿಟ್ಟರೆ ಮುಗಿಯಿತು, ಊರುಗಳೇ ನಮ್ಮ ಕಿಟಕಿಗೆ ಬರುತ್ತವೆ. ಆ ರಾತ್ರಿ ಎರಡು ಗಂಟೆಗೆ ಎಂದಿನಂತೆ ಎಚ್ಚರವಾಯಿತು. ಪರದೆ ಸರಿಸಿದರೆ ನದಿಯಿಲ್ಲ, ಕೈ ಚಾಚಿದರೆ ತಾಕುವಷ್ಟು ಹತ್ತಿರದಲ್ಲಿ ಒದ್ದೆ ಕಾಂಕ್ರೀಟ್ ಗೋಡೆ. ಪಾಚಿಯ ಎಳೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಗೋಡೆ ಮೇಲೇರುತ್ತಿದೆ ಎಂದುಕೊಂಡೆ, ಇಳಿಯುತ್ತಿದ್ದದ್ದು ನಾವು. ಇದಕ್ಕೆ ಲಾಕ್ ಎನ್ನುತ್ತಾರೆ: ಮುಂದೆ ಹಿಂದೆ ಬಾಗಿಲು ಮುಚ್ಚಿ, ನೀರನ್ನು ಹೊರಬಿಟ್ಟು, ಹಡಗನ್ನು ಹತ್ತು ಹದಿನೈದು ಮೀಟರ್ ಕೆಳಗಿಳಿಸುತ್ತಾರೆ. ಒಂದಿಷ್ಟೂ ಅಲುಗಾಟವಿಲ್ಲ. ಲೋಟದ ನೀರು ಕೂಡ ಕದಲಲಿಲ್ಲ. ನಾದಿನಿಗೂ ಎಚ್ಚರವಾಗಿತ್ತು. ಪಕ್ಕದಲ್ಲಿ ಬಂದು ಕುಳಿತು, ಬಹಳ ಹೊತ್ತಿನ ಮೇಲೆ ಮೆಲ್ಲಗೆ ಹೇಳಿದಳು: "ಮಲಗಿ ಅತ್ತಿಗೆ. ಯಾರ ಮಗ್ಗುಲನ್ನೂ ಬದಲಿಸಬೇಕಾಗಿಲ್ಲ." ಹದಿಮೂರನೆಯ ದಿನವೂ ಅಳದಿದ್ದ ನಾನು ಆಗ ಅತ್ತುಬಿಟ್ಟೆ. ಎದುರಿನ ಬಾಗಿಲು ತೆರೆದು ಹಡಗು ಹೊರಟಾಗಲೂ ಅವಳು ನನ್ನ ಕೈ ಬಿಟ್ಟಿರಲಿಲ್ಲ. ಈ ಋಣವನ್ನು ತೀರಿಸುವ ದಾರಿ ನನಗೆ ಗೊತ್ತಿಲ್ಲ.

ಬಾಸೆಲ್‌ನಿಂದ ಕೆಳಗೆ ಇಂಥ ಹತ್ತು ಲಾಕ್‌ಗಳಿವೆ. ಆಮೇಲೆ ರೈನ್‌ಗೆ ಸಮುದ್ರದವರೆಗೂ ತಡೆಯಿಲ್ಲ. ಕೊನೆಯ ಲಾಕ್ ದಾಟಿದ ರಾತ್ರಿ ನಾನು ಎಚ್ಚರಗೊಂಡದ್ದು ಒಂದೇ ಸಲ. ಮರುದಿನ ಕಣ್ಣು ತೆರೆದಾಗ ಬಿಸಿಲು ಬಂದಿತ್ತು.

ದಡದಲ್ಲಿ ಪ್ರತಿ ಕಿಲೋಮೀಟರಿಗೂ ದೊಡ್ಡ ಅಂಕಿಯ ಬಿಳಿ ಫಲಕಗಳಿವೆ, ಕಾನ್‌ಸ್ಟಾನ್ಸ್ ಊರಿನ ಸೇತುವೆಯಿಂದ ಎಣಿಕೆ. ನನ್ನವರ ರಕ್ತದೊತ್ತಡ, ಸಕ್ಕರೆ, ಮೂತ್ರದ ಪ್ರಮಾಣ ಬರೆಯುತ್ತಿದ್ದ ನೋಟ್‌ಬುಕ್ ನನ್ನ ಚೀಲದಲ್ಲೇ ಉಳಿದಿತ್ತು. ಅದರ ಖಾಲಿ ಹಾಳೆಗಳಲ್ಲಿ ಈ ಅಂಕಿಗಳನ್ನು ಬರೆಯುತ್ತ ಹೋದೆ. 554, ಲೊರೆಲೈ ಬಂಡೆ. 688, ಕಲೋನ್‌ನ ದೊಡ್ಡ ಚರ್ಚು. ಲೊರೆಲೈ ಇರುವ ಕಣಿವೆಯಲ್ಲಿ ಬಿಂಗೆನ್ ದಾಟಿದ ಮೇಲೆ ಕೊಬ್ಲೆಂಜ್ ಮುಟ್ಟುವವರೆಗೆ ಒಂದೂ ಸೇತುವೆ ಇಲ್ಲ. 2002ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಜಾಗ. ಗುಡ್ಡದ ಮೇಲೆ ಕೋಟೆಗಳು, ಇಳಿಜಾರಿನಲ್ಲಿ ದ್ರಾಕ್ಷಿ. ನನ್ನ ಮನಸ್ಸಿನಲ್ಲಿ ನಿಂತದ್ದು ಮಾತ್ರ ಎದುರಿನಿಂದ ಬಂದ ಒಂದು ಸರಕು ದೋಣಿ. ಹಿಂಭಾಗದಲ್ಲಿ ದೋಣಿಯವರ ಮನೆ, ಅದರ ಮೇಲೊಂದು ಕಾರು, ಹಗ್ಗದ ಮೇಲೆ ಮಗುವಿನ ಬಟ್ಟೆ. ಒಬ್ಬಳು ಬಟ್ಟೆ ತೆಗೆಯುತ್ತ ನಮಗೆ ಕೈ ಬೀಸಿದಳು. ಅವಳು ಕಣ್ಮರೆಯಾಗುವವರೆಗೆ ನೋಡುತ್ತ ನಿಂತೆವು, ಹಡಗಿನ ವೇಗ ಅಷ್ಟಕ್ಕೆ ಬಿಡುವು ಕೊಡುತ್ತಿತ್ತು.

ಹಡಗಿನ ಅಡುಗೆಯವರಿಗೆ ನನ್ನ ನಮಸ್ಕಾರ. ನಾನು ಮೊಸರನ್ನ ಕಲಸಿಕೊಂಡು ಮಿಡಿ ಉಪ್ಪಿನಕಾಯಿ ಹಚ್ಚಿಕೊಳ್ಳುವುದನ್ನು ಅವರು ಒಮ್ಮೆ ಕಂಡರು. ಮರುದಿನದಿಂದ ಕೇಳುವ ಮೊದಲೇ ಮೆತ್ತಗೆ ಬೆಂದ ಅನ್ನ, ಒಂದು ಬಟ್ಟಲು ಮೊಸರು ನಮ್ಮ ಮೇಜಿಗೆ ಬರುತ್ತಿದ್ದವು. ವರ್ಷದ ಮೇಲೆ ನಾನು ಹೊಟ್ಟೆ ತುಂಬ ಉಂಡದ್ದು ಅಲ್ಲಿಯೇ. ಬೆಳಿಗ್ಗೆ ಹಡಗಿನ ಮೇಲಿನ ಡೆಕ್ಕಿನಲ್ಲಿ ನಡೆದು ನಡೆದು ಸೊಂಟದ ಬಿಗಿತವೂ ಸಡಿಲಿತು.

ಇನ್ನೊಬ್ಬರಿದ್ದಾರೆ. ಕೊನೆಯ ಎರಡು ವರ್ಷ ಹಗಲು ಬಂದು ನನ್ನವರನ್ನು ನೋಡಿಕೊಂಡ ಹೋಂ ನರ್ಸ್. ಆಕೆಗೆ ರಜೆ ಎಂಬುದೇ ಇರಲಿಲ್ಲ, ಈಗ ಬೇರೊಂದು ಮನೆಯಲ್ಲಿ ಅದೇ ಕೆಲಸ. ಕಳೆದ ಭಾನುವಾರ ಆಕೆಯನ್ನು ಕರೆದುಕೊಂಡು ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದೋಣಿಯಲ್ಲಿ ಹೋದೆ. ಕೆಲವೇ ನಿಮಿಷಗಳ ದಾರಿ. ಆಕೆ ಹಲಗೆಯ ಅಂಚಿನಲ್ಲಿ ಕುಳಿತು ಗುರುಪುರ ನದಿಯ ನೀರಿಗೆ ಬೆರಳು ಇಳಿಬಿಟ್ಟಿದ್ದಳು. ಇಳಿಯುವಾಗ ಕೇಳಿದಳು, "ಅಮ್ಮಾ, ಇನ್ನೊಮ್ಮೆ ಹೋಗೋಣವೇ?"

ನಮ್ಮ ಬೀದಿಯಲ್ಲಿ ಮಲಗಿದವರನ್ನು ನೋಡಿಕೊಳ್ಳುತ್ತಿರುವವರು ಇದ್ದರೆ ನನಗೆ ಒಂದು ಮಾತು ಹೇಳಿ. ಭಾನುವಾರ ಮಧ್ಯಾಹ್ನ ಎರಡರಿಂದ ಆರರವರೆಗೆ ನಾನು ಬಂದು ಕೂರುತ್ತೇನೆ. ಮಗ್ಗುಲು ಬದಲಿಸುವುದು ನನಗೆ ಗೊತ್ತು. ನೀವು ದೋಣಿಗೆ ಹೋಗಿ ಬನ್ನಿ.