ಮೈಬಣ್ಣಕ್ಕೆ ಒಂದು ಟ್ಯೂಬ್ ಸಾಲದು

ಮಾನ್ಯರೇ,

ಬೇಸಿಗೆ ಶಿಬಿರಗಳು ಬಂದವೆಂದರೆ ಮಲ್ಲೇಶ್ವರದಿಂದ ಜಯನಗರದವರೆಗೆ ಚಿತ್ರಕಲಾ ತರಗತಿಗಳು ಕೊಡುವ ಸಾಮಾನಿನ ಪಟ್ಟಿಯಲ್ಲಿ ‘ಸ್ಕಿನ್ ಕಲರ್’ ಎಂಬ ಅಕ್ರಿಲಿಕ್ ಬಣ್ಣದ ಟ್ಯೂಬ್ ಹೆಚ್ಚಾಗಿ ಇದ್ದೇ ಇರುತ್ತದೆ. ಒತ್ತಿದರೆ ಬರುವುದು ತಿಳಿ ಗುಲಾಬಿ. ಅದರಲ್ಲಿ ಬರೆದ ಅಜ್ಜಿ ನಮ್ಮ ಮನೆಯ ಅಜ್ಜಿಯಂತೆ ಕಾಣುವುದಿಲ್ಲ. ಗೋಧಿ ಬಣ್ಣ, ಎಣ್ಣೆಗೆಂಪು, ಎಣ್ಣೆಗಪ್ಪು ಎಂದು ಬಿಡಿಸಿ ಹೇಳುವ ನಾವು ಮಕ್ಕಳಿಗೆ ಬಣ್ಣ ಬೆರೆಸುವುದನ್ನೇ ಕಲಿಸಬೇಕು.

ಬೇಕಾದ್ದು ಐದೇ ಟ್ಯೂಬ್: ಟೈಟಾನಿಯಂ ವೈಟ್, ಯೆಲ್ಲೋ ಓಕರ್ (ಮಣ್ಣಿನ ಹಳದಿ), ಬರ್ಂಟ್ ಸಿಯೆನ್ನಾ (ಕೆಂಗಂದು), ಕ್ರಿಮ್ಸನ್ (ಕಡುಗೆಂಪು), ಅಲ್ಟ್ರಾಮರೀನ್ ನೀಲಿ. ಎಣ್ಣೆಗೆಂಪಿಗೆ ಸಿಯೆನ್ನಾ ಎರಡು ಪಾಲು, ಓಕರ್ ಒಂದು, ಬಿಳಿ ಅರ್ಧ. ಕೊನೆಗೆ ಸಾಸಿವೆ ಕಾಳಿನಷ್ಟು ನೀಲಿ. ಆ ನೀಲಿ ಬೀಳದಿದ್ದರೆ ಮುಖ ಇಟ್ಟಿಗೆಯಾಗುತ್ತದೆ. ನೆರಳಿಗೆ ಕಪ್ಪು ಖಂಡಿತ ಬೇಡ. ಓಕರ್ ಜೊತೆ ಸೇರಿದ ಕಪ್ಪು ಹಸಿರಿಗೆ ತಿರುಗಿ ದವಡೆಯ ಕೆಳಗೆ ಪಾಚಿ ಕಟ್ಟಿದಂತೆ ಕಾಣುತ್ತದೆ. ಸಿಯೆನ್ನಾಗೆ ನೀಲಿ ಹೆಚ್ಚಿಸಿದರೆ ಬೇಕಾದಷ್ಟು ಗಾಢ ಕಂದು ಸಿಗುತ್ತದೆ. ಬೆಳಕು ಬಿದ್ದ ಕಡೆ ಬರೀ ಬಿಳಿ ಸೇರಿಸಿದರೂ ವಿಭೂತಿ ಬಳಿದ ಹಾಗಾಗುತ್ತದೆ, ಜೊತೆಗೆ ಓಕರ್ ಇರಲಿ. ಮೂಗಿನ ತುದಿ, ಕೆನ್ನೆ, ಕಿವಿಗೆ ಕ್ರಿಮ್ಸನ್ ತುಸು ಹೆಚ್ಚು.

ಮಕ್ಕಳು ಕಂಗೆಡುವುದು ಇನ್ನೊಂದು ಕಡೆ. ತಟ್ಟೆಯಲ್ಲಿ ಸರಿಯಿದ್ದ ಬಣ್ಣ ಕ್ಯಾನ್ವಾಸ್ ಮೇಲೆ ಕಪ್ಪಿಡುತ್ತದೆ. ಅಕ್ರಿಲಿಕ್‌ನಲ್ಲಿರುವ ಅಂಟು ಹಸಿಯಿದ್ದಾಗ ಹಾಲಿನ ಹಾಗೆ ಬೆಳ್ಳಗಿದ್ದು, ಒಣಗಿದಾಗ ಗಾಜಿನಂತೆ ತಿಳಿಯಾಗುತ್ತದೆ, ಕಾರಣ ಇಷ್ಟೇ. ಬೆರೆಸಿದ್ದನ್ನು ಕಾಗದದ ಚೂರಿಗೆ ಹಚ್ಚಿ, ಒಣಗಿಸಿ, ಆಮೇಲೆ ನಂಬಿ.

ಬೆಂಗಳೂರಿನ ಮಾರ್ಚ್ ಬಿಸಿಲಲ್ಲಿ, ಫ್ಯಾನಿನ ಕೆಳಗೆ, ತೆಳು ಪದರ ಕೆಲವೇ ನಿಮಿಷದಲ್ಲಿ ಒಣಗುತ್ತದೆ. ಅರೆ ಒಣಗಿದ ಜಾಗದಲ್ಲಿ ಮತ್ತೆ ಬ್ರಷ್ ಎಳೆದರೆ ಕೆಳಗಿನ ಬಣ್ಣ ಕಿತ್ತು ಬರುತ್ತದೆ. ಹಾಗೆಂದು ನೀರು ಸುರಿಯಬಾರದು, ಅಂಟು ಸಡಿಲವಾಗಿ ಬಣ್ಣ ಹಿಡಿಯದು. ಸ್ಟೀಲ್ ತಟ್ಟೆಯಲ್ಲಿ ಒದ್ದೆ ಬಟ್ಟೆ ಹಾಸಿ, ಅದರ ಮೇಲೆ ಬೇಕಿಂಗ್ ಪೇಪರ್ ಇಟ್ಟು ಬಣ್ಣ ಬೆರೆಸಿದರೆ ಗಂಟೆಗಟ್ಟಲೆ ಹಸಿಯಾಗಿರುತ್ತದೆ. ಮುಚ್ಚಿಟ್ಟರೆ ಮರುದಿನಕ್ಕೂ ಆದೀತು. ಕೆನ್ನೆಯ ಕೆಂಪನ್ನು ಕೆಳಪದರ ಪೂರ್ತಿ ಒಣಗಿದ ಮೇಲೆ ಗ್ಲೇಜಿಂಗ್ ಮೀಡಿಯಂನಲ್ಲಿ (ಬಣ್ಣವನ್ನು ಪಾರದರ್ಶಕವಾಗಿಸುವ ದ್ರವ) ಬೆರೆಸಿ ತೆಳುವಾಗಿ ಹಚ್ಚಿದರೆ ಒಳಗಿನಿಂದ ಬಂದ ಹಾಗೆ ಕಾಣುತ್ತದೆ.

ಈ ಸಲದ ಪಟ್ಟಿ ಅಚ್ಚಿಗೆ ಹೋಗುವ ಮುನ್ನ ಶಿಬಿರದವರು ‘ಸ್ಕಿನ್ ಕಲರ್’ ಎಂಬ ಸಾಲು ಹೊಡೆದುಹಾಕಿ ಅಲ್ಲಿ ಬರ್ಂಟ್ ಸಿಯೆನ್ನಾ ಎಂದು ಬರೆಯಲಿ.

– ಚಿತ್ರಕಲಾ ಶಿಕ್ಷಕಿ, ಬಸವನಗುಡಿ, ಬೆಂಗಳೂರು