ಬಂದೂಕು ಇರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಬಂದೂಕು ಒರೆಸಲು ಕೂರುವ ಮುಂಚೆ ಒಂದು ವಿಷಯ ನೆನಪಿರಲಿ. ಮ್ಯಾಗಜೀನ್ (ಗುಂಡು ತುಂಬಿಡುವ ಡಬ್ಬಿ) ತೆಗೆದ ಮಾತ್ರಕ್ಕೆ ಬಂದೂಕು ಖಾಲಿ ಆಗುವುದಿಲ್ಲ, ನಳಿಗೆಯ ಹಿಂತುದಿಯಲ್ಲಿ ಗುಂಡು ಕೂರುವ ಜಾಗವಾದ ಚೇಂಬರ್‌ನಲ್ಲಿ ಒಂದು ಗುಂಡು ಉಳಿದಿರಬಹುದು. ಮೊದಲು ಮ್ಯಾಗಜೀನ್ ತೆಗೆಯಿರಿ. ಆಮೇಲೆ ಬೋಲ್ಟ್ (ಚೇಂಬರ್ ಮುಚ್ಚುವ, ಹಿಂದೆಮುಂದೆ ಸರಿಯುವ ಭಾಗ) ಹಿಂದಕ್ಕೆ ಎಳೆದು ಒಳಗೆ ಕಣ್ಣಾರೆ ನೋಡಿ. ಇದು ಹಿಂದುಮುಂದಾದರೆ ಇನ್ನೊಂದು ಗುಂಡು ಚೇಂಬರ್‌ಗೆ ಸೇರಿಬಿಡುತ್ತದೆ. ಅಷ್ಟೂ ಹೊತ್ತು ನಳಿಗೆ ಯಾರೂ ಇಲ್ಲದ ಕಡೆಗೇ ಇರಲಿ, ಬೆರಳು ಟ್ರಿಗರ್ ಮೇಲೆ ಬೇಡ. ಗುಂಡು ಹಾರದಂತೆ ತಡೆಯುವ ಸೇಫ್ಟಿ ಇದೆ ಅಲ್ವಾ ಅಂತ ಸುಮ್ನೆ ನಂಬಬೇಡಿ, ಅದೂ ಕೈಕೊಡಬಹುದು.

ಎತ್ತಿಡುವಾಗ ಖಾಲಿ ಮಾಡಿ ಬೀಗ ಹಾಕಿ. ಗುಂಡುಗಳು ಬೇರೆ ಪೆಟ್ಟಿಗೆಯಲ್ಲಿರಲಿ, ಅದಕ್ಕೂ ಬೀಗ. ಬೀರುವಿನ ಮೇಲೆ ಬಚ್ಚಿಟ್ಟರೆ ಮಕ್ಕಳಿಗೆ ಸಿಗುವುದಿಲ್ಲ ಅನ್ನುವುದು ದೊಡ್ಡವರ ಭ್ರಮೆ! ಚರ್ಮದ ಚೀಲದಲ್ಲಿ ಜಾಸ್ತಿ ದಿನ ಇಡಬೇಡಿ, ತೇವ ಹಿಡಿದು ತುಕ್ಕು ಬರುತ್ತದೆ. ಮತ್ತೆ, ಬಂದೂಕಿನ ಫೋಟೋ ಗುಂಪಿಗೆ ಹಾಕಬೇಡಿ.