ಆಯಿಯ ಹಿಂಬಾಗಿಲು ಮುಚ್ಚುತ್ತಿಲ್ಲ

ಪ್ರೀತಿಯ ಗೆಳೆಯಾ,

ಹೋದ ಶನಿವಾರ ನಿಮ್ಮೂರಿಗೆ ಹೋಗಿದ್ದೆ. ಬೆಳಗಾವಿ ಬಿಡುವಾಗ ಬರೀ ತುಂತುರು. ಜಾಂಬೋಟಿ ದಾಟಿ ಕಣಕುಂಬಿ ಹತ್ತಿರ ಬಂದರೆ ಮಂಜಿನಲ್ಲಿ ಎದುರಿನ ಬಸ್ಸೂ ಕಾಣುತ್ತಿರಲಿಲ್ಲ. ಆಮೇಲಿನ ಕಾಡುದಾರಿ ನಿನಗೆ ಗೊತ್ತೇ ಇದೆ. ಹಳ್ಳದ ಸಂಕ ಈಗಲೂ ಅದೇ ಎರಡು ದಿಮ್ಮಿ. ಕಾಯಿಲೆಯವರನ್ನು ಇದರ ಮೇಲೆಯೇ ಬಿದಿರಿಗೆ ಕಂಬಳಿ ಕಟ್ಟಿ ಹೊತ್ತೊಯ್ಯುತ್ತಾರಲ್ಲ, ನನಗೆ ಬರಿಗೈಯಲ್ಲಿ ದಾಟುವಾಗಲೇ ಕಾಲು ನಡುಗಿತು.

ನಿನ್ನ ಆಯಿ ಆರಾಮಾಗಿದ್ದಾರೆ. ಆದರೆ ಮನೆಯ ಹಿಂಬಾಗಿಲು ಮುಚ್ಚುತ್ತಿಲ್ಲ. ಮಳೆಗೆ ಮರ ಉಬ್ಬಿದೆ ಅಂದರು. ನಾನೂ ಹಾಗೇ ಅಂದುಕೊಂಡೆ. ಆಮೇಲೆ ಹಿತ್ತಿಲಿಗೆ ಹೋದೆ. ಹಲಸಿನ ಮರದ ಬುಡದಿಂದ ಕೊಟ್ಟಿಗೆಯವರೆಗೆ ನೆಲ ಬಿರುಕು ಬಿಟ್ಟಿದೆ. ಬೆರಳಿಟ್ಟರೆ ಪೂರ್ತಿ ಒಳಗೆ ಹೋಯಿತು. ಮರ ಉಬ್ಬಿದ್ದಲ್ಲ ಕಣೋ, ನೆಲ ಜರುಗಿ ಚೌಕಟ್ಟೇ ವಾಲಿದೆ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಇರ್ಶಾಳವಾಡಿ ನೆನಪಿದೆಯಾ? ಮಹಾರಾಷ್ಟ್ರದ ರಾಯಗಡ ಜಿಲ್ಲೆಯದು, ನಮ್ಮದೇ ಸಹ್ಯಾದ್ರಿ. 2023ರ ಜುಲೈ 19ರ ರಾತ್ರಿ ಮಲಗಿದ್ದ ಊರಿನ ಮೇಲೆ ಗುಡ್ಡ ಜರಿಯಿತು. ಅಲ್ಲಿಗೂ ರಸ್ತೆ ಇರಲಿಲ್ಲ. ಯಂತ್ರಗಳು ಮೇಲೆ ಹತ್ತಲಾಗದೆ ಸಲಿಕೆ, ಗುದ್ದಲಿಯಲ್ಲೇ ಮಣ್ಣು ಬಗೆದರು. ಅಪಾಯದ ಊರುಗಳ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ನನ್ನನ್ನು ಕಾಡುತ್ತಿರುವುದು ಇದೇ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ರಾಮದುರ್ಗಕ್ಕೆ ನುಗ್ಗಿದ್ದನ್ನು ನಾಡೇ ನೋಡಿತು. ಆ ಹೊಳೆ ಹುಟ್ಟುವ ಕಣಕುಂಬಿಯ ಕಾಡಿನಲ್ಲಿ ನಿಮ್ಮವರು ಎಷ್ಟು ದಿನ ಕತ್ತಲಲ್ಲಿ ಕೂತಿದ್ದರು ಅಂತ ಯಾರು ಕೇಳಿದರು? ನಾನೂ ಕೇಳಲಿಲ್ಲ.

ಮಳೆ ಮೊದಲಿನ ಹಾಗಿಲ್ಲ ಅಂತ ಆಯಿಯೇ ಹೇಳುತ್ತಾರೆ. ಆಗ ಜಡಿಮಳೆ ವಾರಗಟ್ಟಲೆ ಹಿಡಿಯುತ್ತಿತ್ತು, ನೆಲ ನಿಧಾನಕ್ಕೆ ಕುಡಿಯುತ್ತಿತ್ತು. ಈಗ ಎಂಟು ದಿನ ಬಿಸಿಲು, ಆಮೇಲೆ ಒಂದೇ ರಾತ್ರಿ ಸುರಿದುಬಿಡುತ್ತದೆ. ಅರಬ್ಬಿ ಸಮುದ್ರ ಬಿಸಿಯಾದಷ್ಟೂ ಮೋಡ ಹೊರುವ ನೀರು ಜಾಸ್ತಿ. ಅಷ್ಟೂ ಒಮ್ಮೆಲೇ ಇಳಿದರೆ ಮಣ್ಣು ನೆನೆದು ಭಾರವಾಗಿ, ಕೆಳಗಿನ ಬಂಡೆಯ ಮೇಲೆ ಹಿಡಿತ ತಪ್ಪುತ್ತದೆ. ಅದರಲ್ಲೂ ಗುಡ್ಡದ ಬುಡ ಕಡಿದಿದ್ದರೆ ಮುಗಿದೇ ಹೋಯಿತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಬಿದ್ದದ್ದನ್ನು ನೋಡಿದೆವಲ್ಲ.

ಅದಾಗಿ ಎರಡೇ ವಾರಕ್ಕೆ ವಯನಾಡು. ಚೂರಲ್‌ಮಲ, ಮುಂಡಕ್ಕೈ ಕೊಚ್ಚಿಹೋದವು, 200ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಹ್ಯೂಮ್ ಸೆಂಟರ್ ಅಂತ ಒಂದು ಸಂಸ್ಥೆ ಊರೂರಲ್ಲಿ ಮಳೆಮಾಪಕ ಇಡಿಸಿತ್ತು. ಆ ಲೆಕ್ಕ ನೋಡಿಯೇ ಹಿಂದಿನ ದಿನ ಎಚ್ಚರಿಸಿತ್ತು. ಜನರನ್ನು ಪೂರ್ತಿ ಇಳಿಸಲಿಲ್ಲ, ಅದು ಬೇರೆ ಸಂಕಟ. ಆದರೆ ಅಳೆದವರಿಗೆ ಗೊತ್ತಾಗಿತ್ತು, ಅಲ್ವಾ? ನಿಮ್ಮ ಕೇರಿಯಲ್ಲಿ ಅಳೆಯುವವರೂ ಇಲ್ಲ, ಅಳೆದರೂ ಸುದ್ದಿ ಮುಟ್ಟಿಸೋಕೆ ಸಿಗ್ನಲ್ ಇಲ್ಲ.

ಊರು ಬಿಟ್ಟು ಬನ್ನಿ ಅಂತ ನಾನು ಹೇಳಲಿಲ್ಲ. ಗದ್ದೆ, ದನ, ದೇವರ ಬನ ಬಿಟ್ಟು ಅವರು ಎಲ್ಲಿಗೆ ಬರಬೇಕು? ಜೋರು ಮಳೆಯ ರಾತ್ರಿ ಮಾತ್ರ ಶಾಲೆಯ ಪಕ್ಕದ ಮನೆಯಲ್ಲಿ ಮಲಗಲು ಒಪ್ಪಿದ್ದಾರೆ. ಮಳೆ ಸುರಿಯುತ್ತಿದ್ದರೂ ಹಳ್ಳದ ನೀರು ದಿಢೀರನೆ ಇಳಿದರೆ ಮೇಲೆಲ್ಲೋ ಮಣ್ಣು ಕಟ್ಟಿಕೊಂಡಿದೆ ಅಂತ ಅರ್ಥ, ಆಗ ಒಂದು ಕ್ಷಣವೂ ನಿಲ್ಲಬೇಡಿ ಅಂದಿದ್ದೇನೆ. ಇನ್ನೊಂದು ಸಲ ನೀನೂ ಹೇಳು. ಮುಂದಿನ ವಾರ ಮಳೆಮಾಪಕ ತೆಗೆದುಕೊಂಡು ಹೋಗುತ್ತೇನೆ. ಬಿರುಕಿನ ಫೋಟೋ ಹಚ್ಚಿ ತಹಶೀಲ್ದಾರರಿಗೆ ಅರ್ಜಿ ಬರೆದಿದ್ದೇನೆ. ಮನೆ ನಿಮ್ಮದು, ಸಹಿ ನಿನ್ನದು ಬೇಕು. ಬೇಗ ಬಾ.

ಬಿರುಕಿನ ಆಚೆ ಈಚೆ ಒಂದೊಂದು ಗೂಟ ಹೊಡೆದು ಬಂದಿದ್ದೇನೆ. ಮೊನ್ನೆ ಎರಡರ ನಡುವೆ ಒಂದು ಗೇಣು, ಎರಡು ಬೆರಳು ಇತ್ತು. ಆಯಿ ದಿಬ್ಬ ಹತ್ತಿ ಫೋನ್ ಮಾಡಿದಾಗ ಮೊದಲು ಅದನ್ನೇ ಕೇಳು.

ನಿನ್ನ ಗೆಳೆಯ